ಒಂದೇ ತಂತಿ, ಏಳು ಪತ್ರಿಕೆ: ಅಂತರ್ಯುದ್ಧ ಕಾಲದ ನ್ಯೂಯಾರ್ಕನ್ನು ಓದುವ ಬಗೆ

ಅಮೆರಿಕದ ಅಂತರ್ಯುದ್ಧದ (1861–65) ಕಾಲದ ನ್ಯೂಯಾರ್ಕ್ ಪತ್ರಿಕೆಗಳು ಈಗ ಮನೆಯಲ್ಲೇ ಕೂತು ಓದಲು ಸಿಗುತ್ತವೆ. ಓದಲು ಹೊರಟವರು ಹೆಚ್ಚಾಗಿ ಮೊದಲು ಸಂಪಾದಕೀಯ ತೆರೆಯುತ್ತಾರೆ. ಅಲ್ಲಿನ ಬೈಗುಳ ನೋಡಿ, ಆಗಲೂ ಹೀಗೇ ಇತ್ತಲ್ಲ ಎಂದುಕೊಂಡು ಮುಚ್ಚಿಬಿಡುತ್ತಾರೆ. ಸಂಪಾದಕೀಯದ ಪಕ್ಷಪಾತ ಆಗ ಗುಟ್ಟೇ ಆಗಿರಲಿಲ್ಲ. ಯಾವ ಪತ್ರಿಕೆ ಯಾರ ಕಡೆ ಎಂಬುದು ಬೀದಿಯಲ್ಲಿ ಅದನ್ನು ಮಾರುವ ಹುಡುಗನಿಗೂ ಗೊತ್ತಿತ್ತು. ಊರನ್ನು ಒಡೆದ ಕೆಲಸ ನಡೆದದ್ದು ಇನ್ನೂ ಕೆಳಗೆ: ತಂತಿ (ಟೆಲಿಗ್ರಾಫ್ ಸುದ್ದಿ) ಬಂದ ಹೊತ್ತಿನಲ್ಲಿ, ಪುಟದಲ್ಲಿ ಸುದ್ದಿ ಕೂತ ಜಾಗದಲ್ಲಿ, ಬೀದಿಗಿಳಿದ ಗುಂಪಿಗೆ ಕೊಟ್ಟ ಹೆಸರಿನಲ್ಲಿ, ಅಂಚೆ ಚೀಲಕ್ಕೆ ಯಾವುದು ಬಿತ್ತು ಯಾವುದು ಬೀಳಲಿಲ್ಲ ಎನ್ನುವುದರಲ್ಲಿ. ಆ ಯಂತ್ರ ಹೇಗೆ ಓಡುತ್ತಿತ್ತು ಎಂದು ತಿಳಿಯದೆ ಆ ಪುಟಗಳನ್ನು ಓದಿದರೆ ಮುಕ್ಕಾಲು ಪಾಲು ವಿಷಯ ಕಣ್ಣೆದುರೇ ಇದ್ದೂ ಕಾಣುವುದಿಲ್ಲ.

ಮೊದಲು ಊರು. 1860ರ ಜನಗಣತಿಯಲ್ಲಿ ನ್ಯೂಯಾರ್ಕಿನ ಜನಸಂಖ್ಯೆ 8,13,669. ಬ್ರೂಕ್ಲಿನ್ ಆಗ ಬೇರೆಯೇ ನಗರ. ನ್ಯೂಯಾರ್ಕಿನವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಹೊರದೇಶದಲ್ಲಿ ಹುಟ್ಟಿದವರು. ಐರಿಷರೇ ಎರಡು ಲಕ್ಷ, ಅವರ ನಂತರ ಜರ್ಮನರು. ಊರಿನ ವ್ಯಾಪಾರ ನಿಂತಿದ್ದದ್ದು ದಕ್ಷಿಣದ ಹತ್ತಿಯ ಮೇಲೆ. ಗುಲಾಮರು ಬೆಳೆದ ಹತ್ತಿಗೆ ಸಾಲ ಕೊಡುವವರು, ವಿಮೆ ಮಾಡುವವರು, ಹಡಗು ಒದಗಿಸುವವರು ಇಲ್ಲಿಯೇ ಇದ್ದರು. ಯುದ್ಧ ಶುರುವಾಗುವ ಮೂರು ತಿಂಗಳು ಮೊದಲು, 1861ರ ಜನವರಿಯಲ್ಲಿ, ಮೇಯರ್ ಫರ್ನಾಂಡೋ ವುಡ್ ನಗರವೇ ಒಕ್ಕೂಟದಿಂದ ಹೊರಬಂದು ಸ್ವತಂತ್ರ ಬಂದರು ನಗರವಾಗಬಹುದು ಎಂದು ನಗರಸಭೆಗೆ ಬರೆದು ಕಳಿಸಿದ. 1860ರ ಚುನಾವಣೆಯಲ್ಲಿ ಲಿಂಕನ್‌ಗೆ ಇಲ್ಲಿ ಬಿದ್ದ ಮತ ಸುಮಾರು 33 ಸಾವಿರ, ಎದುರಾಳಿಗಳ ಜಂಟಿ ಪಟ್ಟಿಗೆ ಸುಮಾರು 62 ಸಾವಿರ. ಅದೇ ಊರು ಯುದ್ಧಕ್ಕೆ ಸಾವಿರಾರು ಸೈನಿಕರನ್ನೂ ಕೊಟ್ಟಿತು, ಸರ್ಕಾರಕ್ಕೆ ಸಾಲವನ್ನೂ ಕೊಟ್ಟಿತು.

ಪತ್ರಿಕಾ ಕಚೇರಿಗಳು ಸಿಟಿ ಹಾಲ್ ಎದುರಿನ ಪಾರ್ಕ್ ರೋ, ನಸ್ಸಾವ್ ಸ್ಟ್ರೀಟ್ ಸುತ್ತಮುತ್ತ, ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುವಷ್ಟು ಹತ್ತಿರ ಇದ್ದವು. ಹೊರೇಸ್ ಗ್ರೀಲಿಯ ಟ್ರಿಬ್ಯೂನ್ ಲಿಂಕನ್‌ನ ರಿಪಬ್ಲಿಕನ್ ಪಕ್ಷದ ಕಡೆ, ಗುಲಾಮಗಿರಿಯ ಕಡುವಿರೋಧಿ. ಅದರ ವಾರಪತ್ರಿಕೆ ಎರಡು ಲಕ್ಷ ದಾಟಿ ಉತ್ತರದ ಹಳ್ಳಿಹಳ್ಳಿಗೂ ಹೋಗುತ್ತಿತ್ತು. ಹೆನ್ರಿ ರೇಮಂಡನ ಟೈಮ್ಸ್ ಕೂಡ ರಿಪಬ್ಲಿಕನ್ನೇ, ಸ್ವಲ್ಪ ತಣ್ಣಗಿನದು. 1864ರಲ್ಲಿ ರೇಮಂಡ್ ಪಕ್ಷದ ರಾಷ್ಟ್ರೀಯ ಸಮಿತಿಗೇ ಅಧ್ಯಕ್ಷನಾದ. ಅಂದರೆ ಪತ್ರಿಕೆ ನಡೆಸುವವನೂ ಲಿಂಕನ್ ಪ್ರಚಾರ ನಡೆಸುವವನೂ ಒಬ್ಬನೇ. ವಿಲಿಯಂ ಕಲನ್ ಬ್ರಯಂಟ್‌ನ ಈವ್ನಿಂಗ್ ಪೋಸ್ಟ್ ಇದೇ ಬಣದ ಸಂಜೆ ಪತ್ರಿಕೆ. ಎದುರು ಬಣದಲ್ಲಿ ಮ್ಯಾಂಟನ್ ಮಾರ್ಬಲ್‌ನ ವರ್ಲ್ಡ್. 1860ರಲ್ಲಿ ಧಾರ್ಮಿಕ ದಿನಪತ್ರಿಕೆಯಾಗಿ ಹುಟ್ಟಿ, ದುಡ್ಡು ಮುಗಿದು, 1862ರಲ್ಲಿ ಆಗಸ್ಟ್ ಬೆಲ್ಮಾಂಟ್‌ನಂಥ ಡೆಮೊಕ್ರಾಟ್ ಧನಿಕರ ಬೆಂಬಲದಿಂದ ಆ ಪಕ್ಷದ ಮುಖವಾಣಿಯಾಯಿತು. ಮೇಯರ್ ವುಡ್‌ನ ತಮ್ಮ ಬೆಂಜಮಿನ್ ವುಡ್‌ನ ಡೈಲಿ ನ್ಯೂಸ್ ಯುದ್ಧವನ್ನೇ ವಿರೋಧಿಸಿದ್ದು. ಜರ್ನಲ್ ಆಫ್ ಕಾಮರ್ಸ್ ವ್ಯಾಪಾರಿಗಳದು. ಇವೆಲ್ಲದರ ನಡುವೆ ಜೇಮ್ಸ್ ಗಾರ್ಡನ್ ಬೆನೆಟ್‌ನ ಹೆರಾಲ್ಡ್: ಯಾವ ಪಕ್ಷಕ್ಕೂ ಸೇರದೆ, ಗುಲಾಮಗಿರಿ ವಿರೋಧಿಗಳನ್ನು ದಿನವೂ ಬೈಯುತ್ತಾ, ಯುದ್ಧವನ್ನು ಮಾತ್ರ ಬೆಂಬಲಿಸುತ್ತಾ, ಎಲ್ಲರಿಗಿಂತ ಹೆಚ್ಚು ಮಾರಾಟವಾಗುತ್ತಿದ್ದ ಪತ್ರಿಕೆ. ಯುದ್ಧ ಶುರುವಾದ ಸಮ್ಟರ್ ಕೋಟೆ ದಕ್ಷಿಣದವರ ಕೈಗೆ ಬಿದ್ದ ಸುದ್ದಿ ಬಂದ ಏಪ್ರಿಲ್ 1861ರಲ್ಲಿ ಗುಂಪೊಂದು ಹೆರಾಲ್ಡ್ ಕಚೇರಿ ಎದುರು ಸೇರಿ, ಒಕ್ಕೂಟದ ಬಾವುಟ ಹಾರಿಸು ಎಂದು ಕೂಗಿತು. ಬಾವುಟ ಹಾರಿತು, ಅಲ್ಲಿಂದ ಮುಂದೆ ಪತ್ರಿಕೆಯ ದನಿಯೂ ಬದಲಾಯಿತು.

ಇಲ್ಲಿ ಸಿಗದ ದನಿಗಳೂ ಇವೆ. ಹ್ಯಾಮಿಲ್ಟನ್ ಸಹೋದರರು ನಡೆಸಿದ ಕಪ್ಪುಜನರ ವಾರಪತ್ರಿಕೆ ಆಂಗ್ಲೋ-ಆಫ್ರಿಕನ್, ಜರ್ಮನ್ ಭಾಷೆಯ ಸ್ಟಾಟ್ಸ್-ಝೈಟುಂಗ್, ಕ್ಯಾಥೊಲಿಕ್ ಐರಿಷರು ಓದುತ್ತಿದ್ದ ಫ್ರೀಮನ್ಸ್ ಜರ್ನಲ್, ಮೆಟ್ರೋಪಾಲಿಟನ್ ರೆಕಾರ್ಡ್. ಇವನ್ನು ಬಿಟ್ಟು ಮೇಲಿನ ಏಳನ್ನಷ್ಟೇ ಓದಿದರೆ ಊರಿನ ಅರ್ಧ ಜನರ ಮಾತು ಬೇರೆಯವರ ಬಾಯಿಂದಷ್ಟೇ ಕೇಳಿಸುತ್ತದೆ.

ರಾತ್ರಿಯ ಕೆಲಸ

ಪಕ್ಷಪಾತ ಹೇಗೆ ಪುಟಕ್ಕೆ ಇಳಿಯುತ್ತಿತ್ತು ಎನ್ನಲು ಒಂದು ರಾತ್ರಿಯ ಕೆಲಸ ತಿಳಿಯಬೇಕು. ದೂರದ ಸುದ್ದಿಯ ಮೂಲ ಸರಕು ಎಲ್ಲರಿಗೂ ಒಂದೇ: ನ್ಯೂಯಾರ್ಕ್ ಅಸೋಸಿಯೇಟೆಡ್ ಪ್ರೆಸ್ ಕಳಿಸುವ ತಂತಿ. ಹೆರಾಲ್ಡ್, ಟ್ರಿಬ್ಯೂನ್, ಟೈಮ್ಸ್, ಸನ್, ಎಕ್ಸ್‌ಪ್ರೆಸ್, ಜರ್ನಲ್ ಆಫ್ ಕಾಮರ್ಸ್, ಹಳೆಯ ಕೊರಿಯರ್ ಆಂಡ್ ಎನ್‌ಕ್ವೈರರ್, ಈ ಏಳು ಪತ್ರಿಕೆಗಳ ಕೂಟ ಅದು. ಕೊರಿಯರ್ 1861ರಲ್ಲಿ ವರ್ಲ್ಡ್ ಜೊತೆ ಸೇರಿಕೊಂಡಾಗ ಅದರ ಪಾಲು ವರ್ಲ್ಡ್‌ಗೆ ಬಂತು. ಹಗಲು ಒಬ್ಬರನ್ನೊಬ್ಬರು ದೇಶದ್ರೋಹಿ, ರಕ್ತಪಿಪಾಸು ಎಂದು ಬೈಯುತ್ತಿದ್ದವರು ರಾತ್ರಿ ಒಂದೇ ತಂತಿಯ ಖರ್ಚನ್ನು ಹಂಚಿಕೊಳ್ಳುತ್ತಿದ್ದರು.

ಕೂಟದ ಕಚೇರಿಯಲ್ಲಿ ಆ ಸುದ್ದಿಗೆ ಪ್ರತಿಗಳನ್ನು ತೆಗೆಯುವ ಬಗೆ ಗಮನಿಸಿ, ಮುಂದೆ ಇದೇ ಒಂದು ದೊಡ್ಡ ಅನಾಹುತಕ್ಕೆ ದಾರಿಯಾಯಿತು. ತೆಳ್ಳನೆಯ ಹಾಳೆಗಳ ನಡುವೆ ಮಸಿ ಹಚ್ಚಿದ ಎಣ್ಣೆ ಕಾಗದ ಇಟ್ಟು, ಮೊನಚು ಕಡ್ಡಿಯಿಂದ ಒತ್ತಿ ಬರೆಯುತ್ತಿದ್ದರು. ಒಂದೇ ಬರಹದ ಹಲವು ಪ್ರತಿ ಒಟ್ಟಿಗೆ ಸಿದ್ಧ. ಹುಡುಗರು ಅವನ್ನು ಕಚೇರಿಯಿಂದ ಕಚೇರಿಗೆ ಓಡುತ್ತಾ ತಲುಪಿಸುತ್ತಿದ್ದರು. ಆ ತೆಳು ಹಾಳೆ, ಆ ಕೈಬರಹ, ಆ ಹುಡುಗ, ಇಷ್ಟೇ ಸುದ್ದಿಗೆ ಇದ್ದ ಮುದ್ರೆ. ಸಹಿ ಇಲ್ಲ, ಕ್ರಮಸಂಖ್ಯೆ ನೋಡುವವರಿಲ್ಲ.

ಇನ್ನು ಅಚ್ಚು. ಹೋ ಕಂಪನಿಯ ಹತ್ತು ಸಿಲಿಂಡರಿನ ಯಂತ್ರ ಗಂಟೆಗೆ ಸುಮಾರು 20 ಸಾವಿರ ಹಾಳೆ ಒತ್ತುತ್ತಿತ್ತು. ಸುತ್ತುರುಳಿನ ಕಾಗದ ಇನ್ನೂ ಬಂದಿರಲಿಲ್ಲ. ಪ್ರತಿ ಸಿಲಿಂಡರಿಗೆ ಒಬ್ಬ ನಿಂತು ಒಂದೊಂದೇ ಹಾಳೆ ಕೈಯಿಂದ ಉಣಿಸಬೇಕು. ಒಂದು ಓಟಕ್ಕೆ ಒಂದೇ ಬದಿ ಅಚ್ಚಾಗುತ್ತದೆ. ಇದರಿಂದ ಎರಡು ಸಂಗತಿ ಹುಟ್ಟುತ್ತವೆ, ಎರಡೂ ಓದುಗನಿಗೆ ಬಹಳ ಉಪಯೋಗ.

ಮೊದಲನೆಯದು ಪುಟಗಳ ಜೋಡಣೆ. ಎಂಟು ಪುಟದ ಪತ್ರಿಕೆಯಲ್ಲಿ 1, 4, 5, 8 ಹಾಳೆಯ ಒಂದು ಬದಿಗೆ ಬೀಳುತ್ತವೆ. 2, 3, 6, 7 ಇನ್ನೊಂದು ಬದಿಗೆ. ಒಂದು ಬದಿಯನ್ನು ಸಂಜೆಯೇ ಮುಚ್ಚಿ ಅಚ್ಚಿಗೆ ಕಳಿಸುತ್ತಾರೆ: ಜಾಹೀರಾತು, ದೂರದ ಊರಿನ ಪತ್ರಗಳು, ಭಾಷಣಗಳು. ತಡರಾತ್ರಿಯ ತಂತಿಗೆ ಕಾಯುವುದು ಇನ್ನೊಂದು ಬದಿ, ಸಾಮಾನ್ಯವಾಗಿ 1, 4, 5, 8. ಹಾಗಾಗಿ 2ನೇ ಪುಟದ ಮಾತಿಗೂ 5ನೇ ಪುಟದ ಮಾತಿಗೂ ವಿರೋಧ ಕಂಡರೆ ಅದರಲ್ಲಿ ಕುತಂತ್ರ ಹುಡುಕುವ ಮೊದಲು ಅವೆರಡೂ ಬೇರೆ ಬೇರೆ ಹೊತ್ತಿನಲ್ಲಿ ಮುಚ್ಚಿದ ಪುಟಗಳೇ ಎಂದು ನೋಡಬೇಕು. ಬಹಳ ಸಲ ಅಷ್ಟೇ ಆಗಿರುತ್ತದೆ.

ಎರಡನೆಯದು ತಲೆಬರಹ. ಹೋ ಯಂತ್ರದಲ್ಲಿ ಅಚ್ಚುಮೊಳೆಗಳೇ ತಿರುಗುವ ದೊಡ್ಡ ಉರುಳೆಯ ಮೇಲೆ ಕೂರುತ್ತಿದ್ದವು. ಕಂಬಸಾಲುಗಳ (ಕಾಲಂಗಳ) ನಡುವಿನ ಬೆಣೆಯಾಕಾರದ ಲೋಹದ ಪಟ್ಟಿಗಳೇ ಅವನ್ನು ಬಿಗಿಹಿಡಿಯಬೇಕು. ಪಟ್ಟಿಯನ್ನು ನಡುವೆ ಕತ್ತರಿಸಿ ಎರಡು ಕಂಬಸಾಲಿಗೆ ಹರಡುವ ತಲೆಬರಹ ಹಾಕಿದರೆ ಮೊಳೆಗಳು ಸಡಿಲವಾಗಿ ಹಾರುವ ಅಪಾಯ. ಹಾಗಾಗಿ ಎಷ್ಟು ದೊಡ್ಡ ಯುದ್ಧವೇ ಆದರೂ ತಲೆಬರಹ ಒಂದು ಕಂಬಸಾಲಿನ ಅಗಲಕ್ಕೆ ಸೀಮಿತ. ಅಗಲವಾಗಲು ಆಗದ್ದರಿಂದ ಅದು ಕೆಳಗೆ ಬೆಳೆಯಿತು: ಒಂದರ ಕೆಳಗೊಂದು ಎಂಟು, ಹತ್ತು, ಹದಿನೈದು ಸಾಲಿನ ಉಪತಲೆಬರಹ. ಗೆಟ್ಟಿಸ್‌ಬರ್ಗ್ ಸುದ್ದಿಯೂ ಹೀಗೇ ನಿಂತಿರುತ್ತದೆ. ಒಂದೇ ತಂತಿಗೆ ಬೇರೆ ಬೇರೆ ಪತ್ರಿಕೆ ಮೊದಲ ಮೂರು ಮೆಟ್ಟಿಲಲ್ಲಿ ಏನು ಹಾಕಿತು, ಕೊನೆಯ ಮೂರರಲ್ಲಿ ಏನನ್ನು ತಳ್ಳಿತು ಎಂದು ಪಟ್ಟಿ ಮಾಡಿದರೆ ಸಂಪಾದಕೀಯ ಓದುವ ಅಗತ್ಯವೇ ಬೀಳುವುದಿಲ್ಲ. ಸೈನಿಕರ ನಷ್ಟ ಮೇಲೋ ಕೆಳಗೋ? ಶತ್ರು ಹಿಮ್ಮೆಟ್ಟಿದ್ದು ಮೊದಲೋ, ನಮ್ಮವರು ದಾಟಲಾಗದೆ ನಿಂತದ್ದು ಮೊದಲೋ?

1861ರ ಬೇಸಿಗೆಯ ಕೊನೆಗೆ ಟ್ರಿಬ್ಯೂನ್ ಮೊಳೆಗಳಿಂದಲೇ ಅಚ್ಚು ಹಾಕುವುದನ್ನು ಬಿಟ್ಟು ಬಾಗಿದ ಎರಕದ ಫಲಕಕ್ಕೆ ಹೋಯಿತು. ಒದ್ದೆ ಕಾಗದದ ಪದರಗಳನ್ನು ಜೋಡಿಸಿದ ಮೊಳೆಗಳ ಮೇಲೆ ಹಾಸಿ, ಗಟ್ಟಿ ಬ್ರಷ್ಷಿನಿಂದ ಬಡಿದು, ಬಿಸಿಯಲ್ಲಿ ಒಣಗಿಸಿ, ಆ ಅಚ್ಚಿನೊಳಗೆ ಸೀಸದ ಮಿಶ್ರಲೋಹ ಸುರಿಯುವುದು. ಲಾಭ ಏನೆಂದರೆ ಒಂದೇ ಪುಟದ ಎರಡು ಮೂರು ಫಲಕ ತೆಗೆದು ಎರಡು ಮೂರು ಯಂತ್ರದಲ್ಲಿ ಒಟ್ಟಿಗೆ ಓಡಿಸಬಹುದು. ತೊಂದರೆ ಏನೆಂದರೆ ಒಮ್ಮೆ ಎರಕ ಹೊಯ್ದ ಪುಟದಲ್ಲಿ ಒಂದು ಸಾಲು ಬದಲಿಸಲೂ ಹೊಸ ಎರಕವೇ ಬೇಕು. ಬೆಳಗಿನ ಜಾವ ಬಂದ ತಂತಿಯನ್ನು ಹಾಕುವುದೋ ಬಿಡುವುದೋ ಎನ್ನುವುದು ಇಂಥ ಲೆಕ್ಕದ ಮೇಲೂ ನಿಂತಿತ್ತು. ತಂತಿಯ ಮೇಲೆ ಸರ್ಕಾರದ ಹಿಡಿತವೂ ಇತ್ತು. 1862ರ ಫೆಬ್ರವರಿಯಿಂದ ತಂತಿ ಜಾಲ ಯುದ್ಧ ಇಲಾಖೆಯ ಕೈಗೆ ಬಂದು, ವಾಷಿಂಗ್ಟನ್ನಿನಿಂದ ಹೊರಡುವ ಸುದ್ದಿ ಕತ್ತರಿಯ ಕೆಳಗೆ ಹಾದೇ ಬರುತ್ತಿತ್ತು.

ಕಾಗದ ತುಟ್ಟಿಯಾದದ್ದನ್ನೂ ಹೇಳಬೇಕು. ಆಗಿನ ಕಾಗದ ಹರಕು ಬಟ್ಟೆಯಿಂದ ತಯಾರಾಗುತ್ತಿತ್ತು. ಹತ್ತಿ ನಿಂತಾಗ ಬೆಲೆ ದುಪ್ಪಟ್ಟು ದಾಟಿತು. ಎರಡು ಸೆಂಟಿನ ಟೈಮ್ಸ್ 1862ರ ಕೊನೆಗೆ ಮೂರು, 1864ರಲ್ಲಿ ನಾಲ್ಕು ಸೆಂಟ್ ಆಯಿತು. ಬೆಲೆ ಏರಿದರೂ ಓದುಗರು ಬಿಡಲಿಲ್ಲ, ಮಗ ಬದುಕಿದ್ದಾನೋ ಇಲ್ಲವೋ ಎಂದು ಗೊತ್ತಾಗುವುದಕ್ಕೆ ಸತ್ತವರ ಪಟ್ಟಿಯೇ ದಾರಿ.

ಅಂಚೆಯೇ ಕತ್ತರಿ

ಪತ್ರಿಕೆ ಮುಚ್ಚಿಸಲು ಸೈನಿಕರನ್ನು ಕಳಿಸುವುದಕ್ಕಿಂತ ಸುಲಭದ ದಾರಿ ಅಂಚೆ. 1861ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದ ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸಬೇಕೇ ಎಂದು ನೋಡುವ ನಾಗರಿಕರ ತಂಡ) ಐದು ಪತ್ರಿಕೆಗಳ ಹೆಸರು ಹೇಳಿತು: ಜರ್ನಲ್ ಆಫ್ ಕಾಮರ್ಸ್, ಡೈಲಿ ನ್ಯೂಸ್, ಡೇ-ಬುಕ್, ಫ್ರೀಮನ್ಸ್ ಜರ್ನಲ್, ಬ್ರೂಕ್ಲಿನ್ ಈಗಲ್. ಇವರ ಮೇಲೆ ವಿಚಾರಣೆ ನಡೆದು ಶಿಕ್ಷೆ ಆಗಲಿಲ್ಲ. ಅದರ ಅಗತ್ಯವೇ ಬೀಳಲಿಲ್ಲ. ಕೆಲವೇ ದಿನದಲ್ಲಿ ಪೋಸ್ಟ್‌ಮಾಸ್ಟರ್ ಜನರಲ್ ಮಾಂಟ್‌ಗೊಮರಿ ಬ್ಲೇರ್ ಅವನ್ನು ಅಂಚೆಯಲ್ಲಿ ತೆಗೆದುಕೊಳ್ಳಬೇಡಿ ಎಂದು ಆದೇಶಿಸಿದ.

ಇದರ ಏಟು ಎಷ್ಟೆಂದು ತಿಳಿಯಲು ಆದಾಯ ಎಲ್ಲಿಂದ ಬರುತ್ತಿತ್ತು ನೋಡಿ. ಬೀದಿಯ ಮಾರಾಟ ಹುಡುಗರ ಕೈಯಲ್ಲಿ. ಆದರೆ ಮುಂಗಡ ಹಣ ಕೊಡುವ ಹೊರಊರಿನ ಚಂದಾದಾರರಿಗೆ, ವಾರಪತ್ರಿಕೆಗೆ, ಅಂಚೆಯೇ ಜೀವನಾಡಿ. ಡೈಲಿ ನ್ಯೂಸ್ ಅಂಚೆ ಬಿಟ್ಟು ರೈಲಿನ ಪಾರ್ಸೆಲ್ ಹಿಡಿಯಿತು. ಫಿಲಡೆಲ್ಫಿಯಾದಲ್ಲಿ ಮಾರ್ಷಲ್ ಆ ಕಟ್ಟುಗಳನ್ನೂ ಜಪ್ತಿಮಾಡಿದ, ಸುಮಾರು 3 ಸಾವಿರ ಪ್ರತಿ. ಸೆಪ್ಟೆಂಬರಿನಲ್ಲಿ ಪತ್ರಿಕೆ ನಿಂತಿತು, ಮತ್ತೆ ಶುರುವಾದದ್ದು 1863ರ ವಸಂತದಲ್ಲಿ. ಜರ್ನಲ್ ಆಫ್ ಕಾಮರ್ಸ್‌ನ ಹಿರಿಯ ಸಂಪಾದಕ ಜೆರಾರ್ಡ್ ಹ್ಯಾಲಕ್ ರಾಜೀನಾಮೆ ಕೊಟ್ಟು ಮನೆಗೆ ಹೋದ ಮೇಲೆ ಆ ಪತ್ರಿಕೆಗೆ ಅಂಚೆ ತೆರೆಯಿತು. ಫ್ರೀಮನ್ಸ್ ಜರ್ನಲ್‌ನ ಜೇಮ್ಸ್ ಮೆಕ್‌ಮಾಸ್ಟರ್ ಬಂದರಿನ ಲಫಾಯೆಟ್ ಕೋಟೆಯ ಸೆರೆ ಸೇರಿದ.

ನನ್ನ ಅಭಿಪ್ರಾಯದಲ್ಲಿ ಲಿಂಕನ್ ಸರ್ಕಾರದ ಪತ್ರಿಕಾ ನೀತಿಯಲ್ಲಿ ಅತಿ ಕೆಟ್ಟದ್ದು ಇದೇ. ಬಂಧನಕ್ಕೆ ಕಾಗದಪತ್ರ ಉಳಿಯುತ್ತದೆ, ಗದ್ದಲ ಏಳುತ್ತದೆ, ಬಿಡುಗಡೆ ಕೇಳಲು ಒಂದು ಬಾಗಿಲಿರುತ್ತದೆ. ಅಂಚೆ ಗುಮಾಸ್ತ ಕಟ್ಟನ್ನು ಪಕ್ಕಕ್ಕಿಟ್ಟರೆ ಓದುಗನಿಗೆ ಪತ್ರಿಕೆ ಬರಲಿಲ್ಲ ಎಂಬುದಷ್ಟೇ ಗೊತ್ತು. ಕೆಲವು ವಾರದಲ್ಲಿ ಆತ ಬೇರೆ ಪತ್ರಿಕೆಗೆ ಚಂದಾ ಕಟ್ಟುತ್ತಾನೆ. ಆಮೇಲೆ ಆದೇಶ ರದ್ದಾದರೂ ಹೋದ ಓದುಗ ವಾಪಸ್ ಬರುವುದಿಲ್ಲ.

1863ರ ಜುಲೈ

ಕಡ್ಡಾಯ ಸೈನ್ಯಭರ್ತಿಯ ಚೀಟಿ ಎತ್ತುವುದು ಜುಲೈ 11, ಶನಿವಾರ, ಮೂರನೇ ಅವೆನ್ಯೂ ಮತ್ತು 46ನೇ ಬೀದಿಯ ಕಚೇರಿಯಲ್ಲಿ ಶುರುವಾಯಿತು. 300 ಡಾಲರ್ ಕಟ್ಟಿದರೆ ಹೋಗಬೇಕಿಲ್ಲ. ಕೂಲಿಯವನಿಗೆ ಅದು ಹೆಚ್ಚುಕಡಿಮೆ ವರ್ಷದ ದುಡಿಮೆ. ಕಪ್ಪುಜನರಿಗೆ ಪೌರತ್ವವಿಲ್ಲವೆಂದು ಅವರ ಹೆಸರು ಆ ಪೆಟ್ಟಿಗೆಯಲ್ಲಿ ಇರಲಿಲ್ಲ. ವಾರಗಳಿಂದ ಡೈಲಿ ನ್ಯೂಸ್, ವರ್ಲ್ಡ್ ಈ ಎರಡು ಸಂಗತಿಯನ್ನೇ ಬಿಡದೆ ತಿದಿಯೊತ್ತುತ್ತಿದ್ದವು. ಶನಿವಾರ ಎತ್ತಿದ ಹೆಸರುಗಳು ಭಾನುವಾರದ ಪತ್ರಿಕೆಯಲ್ಲಿ ಬಂದವು. ಯಾವ ಬಣದ ಪತ್ರಿಕೆಯೇ ಆಗಲಿ, ಪಟ್ಟಿ ಅಚ್ಚು ಹಾಕುವುದು ಸುದ್ದಿಯ ಸಾಮಾನ್ಯ ಕೆಲಸ. ಆದರೆ ಭಾನುವಾರ ರಜೆ, ಇಡೀ ದಿನ ಹೆಂಡದಂಗಡಿ, ಓಣಿ, ಮನೆಮನೆಯಲ್ಲಿ ಆ ಪಟ್ಟಿ ಓದಲು ಜನರಿಗೆ ಪುರುಸೊತ್ತು ಸಿಕ್ಕಿತು. ಸೋಮವಾರ ಬೆಳಿಗ್ಗೆ ಆ ಕಚೇರಿಗೆ ಬೆಂಕಿ ಬಿತ್ತು.

ಜುಲೈ 13ರಿಂದ 16ರವರೆಗೆ ಊರು ಹೊತ್ತಿ ಉರಿಯಿತು. ಐದನೇ ಅವೆನ್ಯೂವಿನ ಕಪ್ಪುಮಕ್ಕಳ ಅನಾಥಾಲಯವನ್ನು ಸುಟ್ಟರು. 200ಕ್ಕೂ ಹೆಚ್ಚು ಮಕ್ಕಳು ಹಿಂಬಾಗಿಲಿನಿಂದ ಪಾರಾದರು. ಕಪ್ಪುಜನರನ್ನು ಬೀದಿದೀಪದ ಕಂಬಕ್ಕೆ ನೇಣುಹಾಕಿದರು. ಹೆಸರು ಸಮೇತ ಖಚಿತವಾದ ಸಾವುಗಳು ನೂರಕ್ಕೂ ಹೆಚ್ಚು. ಆಗಿನ ಪತ್ರಿಕೆಗಳು, ಅದರಲ್ಲೂ ನಂತರದ ನೆನಪಿನ ಬರಹಗಳು, ಸಾವಿರ ದಾಟಿಸಿದವು. ಸೋಮವಾರ ಸಂಜೆ ಗುಂಪು ಟ್ರಿಬ್ಯೂನ್ ಕಚೇರಿಗೆ ನುಗ್ಗಿ ಕೆಳಮನೆಯ ಲೆಕ್ಕದ ಕೋಣೆ ಒಡೆದು ಬೆಂಕಿ ಇಟ್ಟಿತು, ಪೊಲೀಸರು ಬಂದು ಚದುರಿಸಿದರು. ಟೈಮ್ಸ್ ಕಚೇರಿಯಲ್ಲಿ ಗ್ಯಾಟ್ಲಿಂಗ್ ಬಂದೂಕು ನಿಲ್ಲಿಸಿದರು. ಮುಂದಿನ ದಿನಗಳಲ್ಲಿ ಟ್ರಿಬ್ಯೂನ್‌ನವರು ಅಚ್ಚುಕಾಗದದ ಕಟ್ಟುಗಳನ್ನೇ ಕಿಟಕಿಗೆ ಅಡ್ಡ ಇಟ್ಟು ಕೆಲಸ ಮಾಡಿದರು.

ಈ ನಾಲ್ಕು ದಿನದ ಪತ್ರಿಕೆಗಳಲ್ಲಿ ಹೆಸರುಪದಗಳನ್ನು ಮಾತ್ರ ಗುರುತು ಹಾಕುತ್ತಾ ಹೋಗಿ. ಟೈಮ್ಸ್, ಟ್ರಿಬ್ಯೂನ್‌ಗೆ ಅದು ದೊಂಬಿ. ಇವರು ಜನತೆ ಅಲ್ಲ ಎಂದು ರೇಮಂಡ್ ಒತ್ತಿ ಬರೆದ. ವರ್ಲ್ಡ್, ಡೈಲಿ ನ್ಯೂಸ್‌ಗೆ ಅದು ಜನರ ಪ್ರತಿರೋಧ, ಮಿತಿಮೀರಿದ್ದು ತಪ್ಪಾದರೂ ಕಾರಣ ವಾಷಿಂಗ್ಟನ್. ಮಂಗಳವಾರ ಗವರ್ನರ್ ಹೊರೇಷಿಯೊ ಸೆಮೋರ್ ಸಿಟಿ ಹಾಲ್ ಮೆಟ್ಟಿಲ ಮೇಲೆ ನಿಂತು ಗುಂಪನ್ನು 'ಗೆಳೆಯರೇ' ಎಂದು ಕರೆದ. ಟ್ರಿಬ್ಯೂನ್ ಅದನ್ನು ಹಿಡಿದುಕೊಂಡದ್ದು ಎಷ್ಟು ಗಟ್ಟಿಯಾಗಿ ಎಂದರೆ 1868ರಲ್ಲಿ ಆತ ಅಧ್ಯಕ್ಷ ಸ್ಥಾನಕ್ಕೆ ನಿಂತಾಗಲೂ ಅದೇ ಮಾತು ಎದುರು ನಿಂತಿತ್ತು. ಎರಡು ಬಣದಲ್ಲೂ ಸತ್ತ ಕಪ್ಪುಜನರ ಹೆಸರು, ಮನೆ, ಕೆಲಸ ಎಷ್ಟು ಸಾಲಿನಲ್ಲಿ ಬಂತು ಎಂದು ಅಳೆದು ನೋಡಿ. ಅಂಗಡಿಗಳ ಗಾಜಿಗೆ, ರೈಲುಹಳಿಗೆ, ತಂತಿಕಂಬಕ್ಕೆ ಹೆಚ್ಚು ಜಾಗ ಸಿಕ್ಕಿರುತ್ತದೆ.

1864ರ ಮೇ 18: ಖೋಟಾ ಘೋಷಣೆ

ಪಕ್ಷಪಾತದ ಪತ್ರಿಕೆಗಳ ಚರಿತ್ರೆಯಲ್ಲಿ ಇದರಷ್ಟು ಪಾಠ ಇರುವ ಒಂದು ರಾತ್ರಿ ನನಗೆ ಬೇರೆ ಗೊತ್ತಿಲ್ಲ.

ಬುಧವಾರ ಬೆಳಗಿನ ಜಾವ, ರಾತ್ರಿ ಸಂಪಾದಕರು ಮನೆಗೆ ಹೋದ ಮೇಲೆ, ಅಚ್ಚುಮನೆಯ ಮೇಸ್ತ್ರಿಗಳಷ್ಟೇ ಉಳಿದ ಹೊತ್ತು. ಅಸೋಸಿಯೇಟೆಡ್ ಪ್ರೆಸ್‌ನ ತೆಳು ಹಾಳೆಯಲ್ಲಿ ಒಂದು ಘೋಷಣೆ ಹಲವು ಕಚೇರಿಗಳಿಗೆ ಬಂತು. ಲಿಂಕನ್ ಹೆಸರಿನಲ್ಲಿ: ಮೇ 26 ಉಪವಾಸ ಮತ್ತು ಪ್ರಾರ್ಥನೆಯ ದಿನ, ಜೊತೆಗೆ ಇನ್ನೂ 4 ಲಕ್ಷ ಜನರ ಸೈನ್ಯಭರ್ತಿ. ಕಾರಣವಾಗಿ ವರ್ಜೀನಿಯಾದ ಪರಿಸ್ಥಿತಿ, ರೆಡ್ ರಿವರ್‌ನ ಸೋಲು, ಚಾರ್ಲ್ಸ್‌ಟನ್‌ನ ವಿಳಂಬ ಕೊಟ್ಟಿತ್ತು. ಇವು ಮೂರೂ ನಿಜ. ಒಕ್ಕೂಟದ ಜನರಲ್ ಗ್ರಾಂಟ್‌ನ ಸೈನ್ಯ ವರ್ಜೀನಿಯಾದ ವಿಲ್ಡರ್‌ನೆಸ್, ಸ್ಪಾಟ್‌ಸಿಲ್ವೇನಿಯಾಗಳಲ್ಲಿ ಎರಡು ವಾರದಿಂದ ಭಾರೀ ನಷ್ಟ ಅನುಭವಿಸುತ್ತಿತ್ತು. ನಿಜ ಸಂಗತಿಗಳ ಮೇಲೆ ಒಂದೇ ಒಂದು ಸುಳ್ಳು ತೀರ್ಮಾನ ಕೂರಿಸಿದ್ದರಿಂದಲೇ ಅದು ಹಾದುಹೋಯಿತು.

ಯಾವ ಕಚೇರಿಯಲ್ಲಿ ಏನಾಯಿತು ನೋಡಿ. ಟೈಮ್ಸ್‌ನಲ್ಲಿ ಕೈಬರಹ ಎಂದಿನದಲ್ಲ ಎಂದು ಅನುಮಾನ ಬಂದು ಅಸೋಸಿಯೇಟೆಡ್ ಪ್ರೆಸ್ ಕಚೇರಿಗೆ ಆಳು ಓಡಿಸಿದರು. ನಾವು ಕಳಿಸಿಲ್ಲ ಎಂದು ಉತ್ತರ ಬಂತು. ಹೆರಾಲ್ಡ್ ಸಾವಿರಾರು ಪ್ರತಿ ಅಚ್ಚಾದ ಮೇಲೆ, ಉಳಿದ ಪತ್ರಿಕೆಗಳಲ್ಲಿ ಆ ಸುದ್ದಿ ಇಲ್ಲವೆಂದು ಗೊತ್ತಾಗಿ, ಅಚ್ಚಾದದ್ದನ್ನು ತಡೆಹಿಡಿಯಿತು. ಟ್ರಿಬ್ಯೂನ್‌ನಲ್ಲಿ ಅದು ಬರಲಿಲ್ಲ. ವರ್ಲ್ಡ್ ಮತ್ತು ಜರ್ನಲ್ ಆಫ್ ಕಾಮರ್ಸ್‌ನಲ್ಲಿ ಬಂತು. ಎರಡೂ ಸರ್ಕಾರ ವಿರೋಧಿ ಪತ್ರಿಕೆಗಳೇ ಆದದ್ದರಿಂದ ಬೇಕೆಂದೇ ಹಾಕಿದರು ಎಂದು ವಾಷಿಂಗ್ಟನ್ ನಂಬಿತು. ಆದರೆ ಆ ಹೊತ್ತಿನಲ್ಲಿ ನಿರ್ಧಾರ ಮಾಡಿದವರು ಸಂಪಾದಕರಲ್ಲ, ಪುಟ ಮುಚ್ಚುವವರು. ಅವರ ಕಣ್ಣಿಗೆ ಕಂಡದ್ದು ಎಂದಿನ ಕಾಗದ, ಅಷ್ಟೇ.

ಬೆಳಿಗ್ಗೆ ವಾಲ್ ಸ್ಟ್ರೀಟಿನ ಜರ್ನಲ್ ಆಫ್ ಕಾಮರ್ಸ್ ಕಚೇರಿ ಎದುರು ವ್ಯಾಪಾರಿಗಳು ಜಮಾಯಿಸಿದರು. ಚಿನ್ನದ ಬೆಲೆ ಏರತೊಡಗಿತು: ಯುದ್ಧದ ಸುದ್ದಿ ಕೆಟ್ಟರೆ ಸರ್ಕಾರದ ಕಾಗದದ ಹಣದ ಮೇಲಿನ ನಂಬಿಕೆ ಕುಸಿದು ಜನ ಚಿನ್ನಕ್ಕೆ ಮುಗಿಬೀಳುತ್ತಿದ್ದರು. ಎಲ್ಲ ಪತ್ರಿಕೆಯಲ್ಲಿ ಇಲ್ಲದ ಘೋಷಣೆ ಎರಡರಲ್ಲಿ ಮಾತ್ರ ಏಕೆ ಎಂಬ ಪ್ರಶ್ನೆ ಬೇಗ ಎದ್ದಿತು. ಸುಳ್ಳೆಂದು ವಾಷಿಂಗ್ಟನ್ನಿನಿಂದ ತಂತಿಯೂ ಬಂತು. ಅಷ್ಟರಲ್ಲಿ ಎರಡು ಪತ್ರಿಕೆಗಳೂ ತಾವೇ ಮಾರಾಟ ನಿಲ್ಲಿಸಿ ತಿದ್ದುಪಡಿ ಹಚ್ಚಿದ್ದವು. ಆದರೂ ಲಿಂಕನ್ ನ್ಯೂಯಾರ್ಕಿನಲ್ಲಿದ್ದ ಸೇನಾಧಿಕಾರಿ ಜನರಲ್ ಜಾನ್ ಡಿಕ್ಸ್‌ಗೆ ಆದೇಶ ಕಳಿಸಿದ: ಸಂಪಾದಕರು, ಮಾಲೀಕರನ್ನು ಬಂಧಿಸಿ, ಕಚೇರಿಗಳನ್ನು ಸೈನ್ಯದಿಂದ ವಶಪಡಿಸಿಕೊಳ್ಳಿ. ಡಿಕ್ಸ್‌ಗೆ ಇದು ಸರಿಕಾಣದಿದ್ದರೂ ಕಚೇರಿಗಳಲ್ಲಿ ಸೈನಿಕರು ಕೂತರು. ಶನಿವಾರದವರೆಗೆ ಬೀಗ. ಪತ್ರಿಕೆಗಳು ಮತ್ತೆ ಬಂದದ್ದು ಸೋಮವಾರ, ಮೇ 23ಕ್ಕೆ. ಟ್ರಿಬ್ಯೂನ್, ಹೆರಾಲ್ಡ್, ಸನ್, ಎಕ್ಸ್‌ಪ್ರೆಸ್‌ನವರು ಒಟ್ಟಾಗಿ, ಇಂಥ ಮೋಸ ಯಾರಿಗಾದರೂ ಆಗಬಹುದಿತ್ತು, ಆದೇಶ ಹಿಂದೆಗೆದುಕೊಳ್ಳಿ ಎಂದು ಲಿಂಕನ್‌ಗೆ ಬರೆದರು. ಒಂದೇ ತಂತಿ ಹಂಚಿಕೊಳ್ಳುವವರಿಗೆ ಆ ತೆಳು ಹಾಳೆಯ ಅಪಾಯ ಚೆನ್ನಾಗಿ ಗೊತ್ತಿತ್ತು.

ಮಾಡಿದವನು ಜೋಸೆಫ್ ಹಾವರ್ಡ್, ಬ್ರೂಕ್ಲಿನ್ ಈಗಲ್‌ನ ನಗರ ಸಂಪಾದಕ, ಜೊತೆಗೆ ಅದೇ ಪತ್ರಿಕೆಯ ವರದಿಗಾರ ಫ್ರಾನ್ಸಿಸ್ ಮ್ಯಾಲಿಸನ್. ಹಾವರ್ಡ್ ಮೊದಲು ಟೈಮ್ಸ್‌ನಲ್ಲಿದ್ದವನು. 1861ರಲ್ಲಿ ಲಿಂಕನ್ ಸ್ಕಾಟ್ ಟೋಪಿ, ಉದ್ದನೆ ನಿಲುವಂಗಿ ತೊಟ್ಟು ವಾಷಿಂಗ್ಟನ್ ಸೇರಿದ ಎಂಬ ಕಟ್ಟುಕಥೆಯೂ ಇವನದೇ. ಮುಂಚೆ ಚಿನ್ನ ಕೊಂಡು, ಕೆಟ್ಟ ಸುದ್ದಿ ಹರಡಿ, ಬೆಲೆ ಏರಿದಾಗ ಮಾರುವುದು ಯೋಜನೆ. ಪಕ್ಷದ ಉದ್ದೇಶವೇ ಇರಲಿಲ್ಲ. ಮೇ 20ಕ್ಕೆ ಸಿಕ್ಕಿಬಿದ್ದು ಲಫಾಯೆಟ್ ಕೋಟೆಯಲ್ಲಿದ್ದ, ಆಗಸ್ಟಿನಲ್ಲಿ ಬಿಡುಗಡೆಯಾದ. ಲಿಂಕನ್ ನಿಜವಾಗಿಯೂ ಹೊಸ ಭರ್ತಿಯ ಕರಡು ಬರೆದಿಟ್ಟಿದ್ದ. ಜುಲೈ 18ಕ್ಕೆ ಹೊರಬಿದ್ದ ನಿಜವಾದ ಕರೆ 5 ಲಕ್ಷದ್ದು. ಗವರ್ನರ್ ಸೆಮೋರ್ ಜನರಲ್ ಡಿಕ್ಸ್ ಮೇಲೆಯೇ ಮೊಕದ್ದಮೆ ಹೂಡಿಸಿದ, ಅದು ಎಲ್ಲಿಗೂ ಮುಟ್ಟಲಿಲ್ಲ.

ಇದಕ್ಕೆ ಸುಮಾರು ಐದು ತಿಂಗಳು ಮೊದಲು ವರ್ಲ್ಡ್‌ನ ಒಳಗೇ ಬೇರೊಂದು ಖೋಟಾ ಕೆಲಸ ನಡೆದಿತ್ತು. ಅದರ ವ್ಯವಸ್ಥಾಪಕ ಸಂಪಾದಕ ಡೇವಿಡ್ ಕ್ರೋಲಿ ಮತ್ತು ವರದಿಗಾರ ಜಾರ್ಜ್ ವೇಕ್‌ಮನ್ ಹೆಸರಿಲ್ಲದೆ ಒಂದು ಕರಪತ್ರ ಅಚ್ಚು ಹಾಕಿಸಿದರು. ಗುಲಾಮಗಿರಿ ವಿರೋಧಿಯೊಬ್ಬ ಬರೆದಂತೆ, ಕಪ್ಪು-ಬಿಳಿಯರ ಮದುವೆಯೇ ಯುದ್ಧದ ಗುರಿ ಎನ್ನುವಂತೆ. ಅದನ್ನು ಪ್ರಸಿದ್ಧ ಗುಲಾಮಗಿರಿ ವಿರೋಧಿಗಳಿಗೆ ಕಳಿಸಿ ಮೆಚ್ಚುಗೆ ಪತ್ರ ಬರೆಸಿಕೊಂಡು, ಆಮೇಲೆ ಆ ಪತ್ರಗಳನ್ನೇ ರಿಪಬ್ಲಿಕನ್ನರ ವಿರುದ್ಧ ಚುನಾವಣಾ ಸರಕಾಗಿ ಬಳಸಿದರು. 1864ರ ಫೆಬ್ರವರಿಯಲ್ಲಿ ಸಂಸದ ಸ್ಯಾಮ್ಯುಯಲ್ ಕಾಕ್ಸ್ ಅದನ್ನು ಸಂಸತ್ತಿನಲ್ಲೇ ಎತ್ತಿದ. ದುರುದ್ದೇಶದಿಂದ ಕಟ್ಟಿದ ಈ ಸುಳ್ಳಿಗೆ ಯಾರನ್ನೂ ಬಂಧಿಸಲಿಲ್ಲ. ಮೋಸಹೋಗಿ ಹಾಕಿದ ಸುಳ್ಳಿಗೆ ಸೈನ್ಯ ಬಂತು.

ಸುದ್ದಿಯಿಂದ ಬೆಲೆ ಏರಿಳಿಯುವ ಮಾತು ಬಂದದ್ದರಿಂದ ನಮ್ಮ ಸೀಮೆಯ ಒಂದು ನಿಜವಾದ ಎಳೆ. ಅಮೆರಿಕದ ಹತ್ತಿ ನಿಂತಾಗ ಲ್ಯಾಂಕಾಶೈರ್ ಗಿರಣಿಗಳು ಕಣ್ಣು ಹಾಕಿದ್ದು ಧಾರವಾಡ ಸೀಮೆಯ ಅಮೆರಿಕನ್ ತಳಿಯ ಹತ್ತಿಯ ಮೇಲೆ. ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ 1862ರಲ್ಲಿ ಸೇರಿಸಿದ್ದರ ಹಿಂದೆ ಆ ಹತ್ತಿಗೆ ಕಾರವಾರ ಬಂದರು ಬೇಕೆಂಬ ಒತ್ತಾಯ ದೊಡ್ಡದಿತ್ತು. ಅಟ್ಲಾಂಟಿಕ್ ಕೇಬಲ್ ಸರಿಯಾಗಿ ಕೆಲಸ ಶುರುಮಾಡಿದ್ದು 1866ರಲ್ಲಿ. ಅಲ್ಲಿಯವರೆಗೆ ನ್ಯೂಯಾರ್ಕ್ ಪತ್ರಿಕೆಗಳ ಕಟ್ಟು ಹಡಗಿನಲ್ಲಿ ಲಿವರ್‌ಪೂಲ್ ಸೇರಿ, ಅಲ್ಲಿನ ದರವಾಗಿ ಮಾರ್ಪಟ್ಟು ಮುಂಬೈಗೆ ಬರುತ್ತಿತ್ತು. ಹುಬ್ಬಳ್ಳಿ, ಗದಗದ ಹತ್ತಿ ಬೆಲೆಯ ಏರಿಳಿತದಲ್ಲಿ ಪಾರ್ಕ್ ರೋದ ಗಾಳಿಸುದ್ದಿಗಳ ಪಾಲೂ ಇತ್ತು.

ಓದಲು ಕೂತಾಗ

ಹೆರಾಲ್ಡ್, ಟ್ರಿಬ್ಯೂನ್ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ ಸಂಗ್ರಹದಲ್ಲಿ ಉಚಿತ. ಬ್ರೂಕ್ಲಿನ್ ಈಗಲ್ ಬ್ರೂಕ್ಲಿನ್ ಸಾರ್ವಜನಿಕ ಗ್ರಂಥಾಲಯದಲ್ಲಿ. ಟೈಮ್ಸ್‌ಗೆ ಅದರದೇ ಸಂಗ್ರಹ ಇದೆ. ಪದ ಹಾಕಿ ಹುಡುಕುವುದನ್ನು ನೆಚ್ಚಿಕೊಳ್ಳಬೇಡಿ. ಆ ಮೊಳೆ ಬಹಳ ಚಿಕ್ಕದು, ಮೈಕ್ರೋಫಿಲ್ಮಿನಿಂದ ತೆಗೆದ ಚಿತ್ರ, ಯಂತ್ರ ಅಕ್ಷರ ತಪ್ಪು ಓದುತ್ತದೆ. ದಿನಾಂಕ ಹಿಡಿದು ಹೋಗಿ, ಪುಟ ತಿರುಗಿಸಿ.

ಘಟನೆಯ ದಿನದ ಸಂಚಿಕೆಯಲ್ಲ, ಮರುದಿನದ್ದು ತೆಗೆಯಿರಿ. ಅದರ ಮುಂದಿನ ಎರಡು ದಿನದ್ದನ್ನೂ ಇಟ್ಟುಕೊಳ್ಳಿ. ಮೊದಲು ಅಸೋಸಿಯೇಟೆಡ್ ಪ್ರೆಸ್‌ನ ತಂತಿ ಹುಡುಕಿ. ಎರಡು ಪತ್ರಿಕೆಯಲ್ಲಿ ಅಕ್ಷರಶಃ ಒಂದೇ ಇರುವ ಪ್ಯಾರಾ ಅದೇ. ಅದನ್ನು ಅಕ್ಕಪಕ್ಕ ಇಟ್ಟು ಯಾರು ಯಾವ ವಾಕ್ಯ ಬಿಟ್ಟರು ಗುರುತು ಹಾಕಿ. ಕತ್ತರಿಸಿದ ವಾಕ್ಯ ಸೇರಿಸಿದ ವಾಕ್ಯಕ್ಕಿಂತ ಹೆಚ್ಚು ಹೇಳುತ್ತದೆ. ಸುದ್ದಿಯ ತಲೆಯಲ್ಲಿರುವ ಊರು, ದಿನ, ಗಂಟೆ ನೋಡಿ. ತಂತಿ ಹಿಂದಿನ ರಾತ್ರಿಯದು, ವರದಿಗಾರನ ಪತ್ರ ಎರಡು ಮೂರು ದಿನ ಹಳೆಯದು, ಎರಡೂ ಒಂದೇ ಪುಟದಲ್ಲಿ ಇರುತ್ತವೆ. ವರದಿಗಾರನ ಸಹಿ ಕಂಡರೆ ಅದು ಪೊಟೊಮ್ಯಾಕ್ ಸೈನ್ಯದ (ವರ್ಜೀನಿಯಾದಲ್ಲಿ ಹೋರಾಡುತ್ತಿದ್ದ ಒಕ್ಕೂಟದ ಸೈನ್ಯದ) ಸುದ್ದಿಯೇ ನೋಡಿ. 1863ರ ಏಪ್ರಿಲ್ ಕೊನೆಗೆ ಜನರಲ್ ಹುಕರ್, ತನ್ನ ಸೈನ್ಯದಿಂದ ಬರೆಯುವವರು ಹೆಸರು ಹಾಕಲೇಬೇಕೆಂದು ಆದೇಶಿಸಿದ್ದ. ದಕ್ಷಿಣದ ರಾಜಧಾನಿ ರಿಚ್ಮಂಡ್‌ನ ಪತ್ರಿಕೆಗಳಿಂದ ಎತ್ತಿದ ತುಣುಕುಗಳನ್ನು ದಾಟಿ ಹೋಗಬೇಡಿ. ಶತ್ರುವಿನ ಪತ್ರಿಕೆಗಳು ಕಾವಲು ಸಾಲುಗಳ ನಡುವೆ ಕೈಬದಲಾಗಿ ಬರುತ್ತಿದ್ದವು. ಎರಡೂ ಕಡೆಯವರು ಅವುಗಳಿಂದ ಸುದ್ದಿ ತೆಗೆಯುತ್ತಿದ್ದರು. ಯಾವ ತುಣುಕನ್ನು ಯಾವ ಪತ್ರಿಕೆ ಆರಿಸಿಕೊಂಡಿತು ಎನ್ನುವುದು ಅದರ ಬಣಕ್ಕೆ ಸಾಕ್ಷಿ.

ನಂತರ ಹಣಕಾಸಿನ ಅಂಕಣಕ್ಕೆ ಹೋಗಿ ಚಿನ್ನದ ದರ ಬರೆದುಕೊಳ್ಳಿ. ತಲೆಬರಹ ಜಯ ಎಂದು ಕೂಗಿ, ಅದೇ ದಿನ ಚಿನ್ನ ಏರಿದ್ದರೆ, ದುಡ್ಡಿರುವವರು ತಲೆಬರಹ ನಂಬಿಲ್ಲ. ಹೆರಾಲ್ಡ್‌ನ ಸಣ್ಣ ಜಾಹೀರಾತುಗಳಲ್ಲಿ ಬದಲಿ ಸೈನಿಕ (ಹಣ ಪಡೆದು ಇನ್ನೊಬ್ಬನ ಬದಲು ಯುದ್ಧಕ್ಕೆ ಹೋಗುವವನು) ಬೇಕು ಎನ್ನುವ ಸಾಲುಗಳಿವೆ. ಪತ್ರಿಕೆಯ ಅಭಿಪ್ರಾಯ ಏನೇ ಇರಲಿ, ಮನೆಗಳಲ್ಲಿ ಏನು ನಡೆಯುತ್ತಿತ್ತು ಎಂದು ಅವು ನೇರವಾಗಿ ಹೇಳುತ್ತವೆ. ಸಂಪಾದಕೀಯ 4ನೇ ಪುಟದಲ್ಲಿರುತ್ತದೆ, ಅದನ್ನು ಕೊನೆಗೆ ಓದಿ.

ಪ್ರಸಾರ ಸಂಖ್ಯೆಯಿಂದ ಊರಿನ ಮನಸ್ಸು ಅಳೆಯಲು ಮಾತ್ರ ಹೋಗಬೇಡಿ. 1864ರ ನವೆಂಬರಿನಲ್ಲಿ ಟೈಮ್ಸ್, ಟ್ರಿಬ್ಯೂನ್, ಈವ್ನಿಂಗ್ ಪೋಸ್ಟ್ ಮೂರೂ ಲಿಂಕನ್ ಜೊತೆ ನಿಂತವು. ನ್ಯೂಯಾರ್ಕ್ ನಗರದಲ್ಲಿ ಆತನಿಗೆ ಬಿದ್ದದ್ದು ಸುಮಾರು 36 ಸಾವಿರ ಮತ, ಡೆಮೊಕ್ರಾಟ್ ಎದುರಾಳಿ ಮೆಕ್‌ಕ್ಲೆಲನ್‌ಗೆ ಸುಮಾರು 73 ಸಾವಿರ. ವಾರ್ಡುವಾರು ಮತದ ಪಟ್ಟಿಯೂ ಅದೇ ಪತ್ರಿಕೆಗಳಲ್ಲಿ ಚುನಾವಣೆಯ ಮರುದಿನದ ಸಂಚಿಕೆಗಳಲ್ಲಿ ಸಿಗುತ್ತದೆ, ಅದನ್ನೂ ಜೊತೆಗಿಟ್ಟುಕೊಂಡು ಓದಿ.